ದುಃಖದ ಮನೆಗೆ ಹೋಗುವಾಗ: ಸಂತೈಸುವ ಸೇವೆಯಲ್ಲಿ ನನ್ನ ಅನುಭವ

ಕ್ರೈಸ್ತ ಸಭೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ, ಯಾರಾದರೂ ತೀರಿಕೊಂಡರೆ, ಅಯ್ಯನವರ (ಪಾದ್ರಿಗಳ) ಜೊತೆ ಒಂದಿಬ್ಬರು ಸಭಿಕರು ಆ ಮನೆಗೆ ಹೋಗಿ ಸತ್ಯವೇದ (ಬೈಬಲ್) ಓದಿ ಪ್ರಾರ್ಥಿಸಿ ಬರುವುದು ನಮ್ಮ ಕಡೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಹಳೆಯ ವಾಡಿಕೆ. ನಾನು ಮಾಡಿಕೊಂಡು ಬಂದಿರುವುದು ಇದೇ ಕೆಲಸ. ಇದಕ್ಕೆ ದೇವಶಾಸ್ತ್ರದ ಪದವಿ ಬೇಕಿಲ್ಲ, ಆದರೆ ಸಿದ್ಧತೆ ಬೇಕು. ಸಿದ್ಧತೆಯಿಲ್ಲದೆ ಹೋದವರು ಸಾಮಾನ್ಯವಾಗಿ ದೇವರ ಪರವಾಗಿ ವಕಾಲತ್ತು ಹಾಕುತ್ತಾರೆ, ಇಲ್ಲವೇ ‘ಎಲ್ಲಾ ಸರಿಹೋಗುತ್ತೆ’ ಅಂತ ತಮ್ಮ ಕೈಯಲ್ಲಿಲ್ಲದ ಭರವಸೆ ಕೊಟ್ಟು ಎದ್ದು ಬರುತ್ತಾರೆ.

ಕ್ರೈಸ್ತರ ಸಂತೈಕೆ ಆಗಿ ಮುಗಿದ ಒಂದು ಸಂಗತಿಯ ಮೇಲೆ ನಿಂತಿದೆ. ಶಿಲುಬೆಯಲ್ಲಿ ಕ್ರಿಸ್ತನು ಪಾಪದ ಸಾಲ ತೀರಿಸಿದ್ದಾನೆ, ಮೂರನೆಯ ದಿನ ಎದ್ದಿದ್ದಾನೆ, ಆದ್ದರಿಂದ ನಂಬಿದವನು ಸತ್ತರೂ ಕ್ರಿಸ್ತನ ಕೈಯಲ್ಲೇ ಇರುತ್ತಾನೆ. ನಾಳೆ ಬರುವ ಸ್ಕ್ಯಾನ್ ರಿಪೋರ್ಟ್ ಹೇಗಿದ್ದರೂ ಇದು ಬದಲಾಗುವುದಿಲ್ಲ. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹೊರಬಂದ ಪ್ರಶ್ನೋತ್ತರ ಬೋಧೆಯಲ್ಲಿ 129 ಪ್ರಶ್ನೆಗಳಿವೆ. ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಒಂದೇ ಸಂತೈಕೆ ಯಾವುದು ಎಂಬುದೇ ಮೊದಲನೆಯದು. ನಾನು ನನ್ನ ಸ್ವತ್ತಲ್ಲ, ದೇಹ ಆತ್ಮ ಎರಡೂ ನನ್ನ ರಕ್ಷಕನಾದ ಯೇಸು ಕ್ರಿಸ್ತನಿಗೆ ಸೇರಿದ್ದು ಎಂಬುದು ಅದಕ್ಕೆ ಕೊಟ್ಟಿರುವ ಉತ್ತರದ ತಿರುಳು. ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತು ಆ ಉತ್ತರದಲ್ಲಿಲ್ಲ. ಭೇಟಿಯಲ್ಲಿ ಏನು ಓದಬೇಕು, ಏನು ಹೇಳಬಾರದು, ಎಷ್ಟು ಹೊತ್ತು ಕೂರಬೇಕು ಎಂಬುದನ್ನೆಲ್ಲ ನಾನು ಇದರಿಂದಲೇ ನಿರ್ಧರಿಸುತ್ತೇನೆ.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 1ನೇ ಅಧ್ಯಾಯ 3 ಮತ್ತು 4ನೇ ವಚನಗಳಲ್ಲಿ ಪೌಲನು ಈ ಸೇವೆಯ ಕ್ರಮ ಹೇಳಿದ್ದಾನೆ: ದೇವರು ನಮ್ಮನ್ನು ಸಂತೈಸುತ್ತಾನೆ, ಆ ಸಂತೈಕೆಯಿಂದಲೇ ನಾವು ಬೇರೆಯವರನ್ನು ಸಂತೈಸುತ್ತೇವೆ. ಹಾಗಾಗಿ ಮೊದಲ ಅರ್ಧ ಕೆಲಸ ಮನೆಯಲ್ಲೇ ಆಗಬೇಕು. ನಾನು ಇಟ್ಟುಕೊಂಡಿರುವುದು ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪ್ರಾರ್ಥನಾ ಪುಸ್ತಕದ ಹಳೆಯ ಪದ್ಧತಿ: ಸತ್ಯವೇದದ 150 ಕೀರ್ತನೆಗಳನ್ನು 30 ದಿನಕ್ಕೆ ಹಂಚಿ, ಬೆಳಿಗ್ಗೆ ಒಂದು ಪಾಲು, ಸಂಜೆ ಒಂದು ಪಾಲು. ದಿನಕ್ಕೆ ಸರಾಸರಿ ಐದು ಕೀರ್ತನೆ, ಒಂದು ಹೊತ್ತಿಗೆ ಹತ್ತು ಹದಿನೈದು ನಿಮಿಷ ಸಾಕು. ಬಾಯಿಬಿಟ್ಟು ಓದಬೇಕು. ಇಷ್ಟವಾದವನ್ನಷ್ಟೇ ಆರಿಸಿ ಓದುವವರ ಕೈಯಲ್ಲಿ ಕೊನೆಗೆ ಹತ್ತು ಹನ್ನೆರಡು ಸಂತೋಷದ ಕೀರ್ತನೆಗಳು ಉಳಿಯುತ್ತವೆ. ದುಃಖದ ಮನೆಯಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಅಂಥದ್ದೂ ಸತ್ಯವೇದದೊಳಗೇ ಇದೆ ಎಂದು ತಿಳಿದವನಿಗೆ ಅಳುವವರ ಮುಂದೆ ಗಾಬರಿ ಕಡಿಮೆ.

ಇದರ ಜೊತೆಗೆ ಒಂದು ನೋಟುಪುಸ್ತಕ. ಎಡಗಡೆ ಮನಸ್ಸು ಹೊರಿಸುವ ಆಪಾದನೆ, ಬಲಗಡೆ ಅದಕ್ಕೆ ಎದುರಾಗಿ ನಿಲ್ಲುವ ವಾಕ್ಯ. ‘ಇದು ನನ್ನ ಪಾಪಕ್ಕೆ ಶಿಕ್ಷೆ’ ಎಂಬುದಕ್ಕೆ ಯೋಹಾನ 9:3 (ಹುಟ್ಟುಕುರುಡನ ಕುರುಡು ಯಾರ ಪಾಪದಿಂದಲೂ ಬಂದದ್ದಲ್ಲ) ಮತ್ತು ರೋಮಾಪುರದವರಿಗೆ 8:1 (ಕ್ರಿಸ್ತನಲ್ಲಿರುವವರಿಗೆ ದಂಡನೆಯ ತೀರ್ಪಿಲ್ಲ). ‘ನನ್ನ ನಂಬಿಕೆ ಸಾಲದು’ ಎಂಬುದಕ್ಕೆ ಮಾರ್ಕ 9:24, ಅಲ್ಲಿ ತಂದೆಯೊಬ್ಬ ನಂಬುತ್ತೇನೆ ಎಂದು ಹೇಳಿದ ಉಸಿರಿನಲ್ಲೇ ತನ್ನ ಅಪನಂಬಿಕೆಗೆ ಸಹಾಯ ಕೇಳುತ್ತಾನೆ. ‘ದೇವರು ನನ್ನನ್ನು ಮರೆತಿದ್ದಾನೆ’ ಎಂಬುದಕ್ಕೆ ಯೆಶಾಯ 49:15, ತಾಯಿ ಮರೆತರೂ ತಾನು ಮರೆಯುವುದಿಲ್ಲ ಎಂದು ದೇವರು ಹೇಳುವ ಮಾತು. ‘ನಾನು ಯಾವ ಒಳ್ಳೇದನ್ನೂ ಮಾಡಲಿಲ್ಲ’ ಎಂಬುದಕ್ಕೆ ಲೂಕ 23ರಲ್ಲಿ ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನ ಪ್ರಸಂಗ. ಒಳ್ಳೇ ಕೆಲಸ ಮಾಡಲು ಅವನಿಗೆ ಸಮಯವೂ ಇರಲಿಲ್ಲ, ಮೊಳೆ ಹೊಡೆದ ಕೈಯೂ ಖಾಲಿ ಇರಲಿಲ್ಲ. ಮನಸ್ಸು ಸುಸ್ತಾದಾಗ ಯಾವ ವಾಕ್ಯವೂ ತಾನಾಗಿ ನೆನಪಿಗೆ ಬರುವುದಿಲ್ಲ, ಆದ್ದರಿಂದ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳುವುದು. ವಾರಕ್ಕೆ ಒಂದು ವಾಕ್ಯ ಬಾಯಿಪಾಠ, ಅದಕ್ಕಿಂತ ಹೆಚ್ಚಾದರೆ ನಿಲ್ಲುವುದಿಲ್ಲ.

ಇನ್ನು ಭೇಟಿ. ಹೋಗುವ ಮುಂಚೆ ಫೋನ್ ಮಾಡಿ ಕೇಳುತ್ತೇನೆ. ‘ಈಗ ಬೇಡ’ ಅಂದರೆ ಯಾಕೆ ಎಂದು ಕೇಳುವುದಿಲ್ಲ. ಆಸ್ಪತ್ರೆಯಾದರೆ ಭೇಟಿಯ ವೇಳೆಯಲ್ಲೇ ಹೋಗಿ, ವಾರ್ಡಿನ ಸಿಸ್ಟರ್‌ಗೆ ಮೊದಲು ಹೇಳಬೇಕು. ನಮಗೇ ನೆಗಡಿ ಕೆಮ್ಮು ಇದ್ದರೆ ಹೋಗಲೇಬಾರದು. ಕ್ಯಾನ್ಸರ್‌ಗೆ ಕೀಮೋ ಚಿಕಿತ್ಸೆ ನಡೆಯುತ್ತಿರುವವರಿಗೆ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ, ನಮ್ಮ ಸಣ್ಣ ನೆಗಡಿ ಅವರನ್ನು ಐಸಿಯುಗೆ ತಳ್ಳಬಹುದು. ಕೈ ತೊಳೆದು, ಫೋನ್ ಸದ್ದು ಅಡಗಿಸಿ, ಮಂಚದ ಮೇಲೆ ಕೂರದೆ ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರುತ್ತೇನೆ. ಇಬ್ಬರಿಗಿಂತ ಹೆಚ್ಚು ಜನ ಬೇಡ. ಎಂಟು ಹತ್ತು ಜನ ಮಂಚದ ಸುತ್ತ ನಿಂತು ಹಾಡಲು ಶುರುಮಾಡಿದರೆ ರೋಗಿಗೆ ಅದು ತನ್ನ ಸಮಾಧಿ ಆರಾಧನೆಯ ಹಾಗೆ ಕಾಣುತ್ತದೆ.

ವಾರ್ಡಿನಲ್ಲಿ ಒಟ್ಟು 15 ನಿಮಿಷ, ಸಾವಿನ ಮನೆಯಲ್ಲಿ ಅರ್ಧ ಗಂಟೆ. ಅದರಲ್ಲಿ ಹೆಚ್ಚಿನ ಪಾಲು ಅವರದ್ದು. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಎಡವಟ್ಟು ಶುರುವಾದದ್ದು ಬಾಯಿ ತೆರೆದ ಮೇಲೆ. ‘ಹೇಗಿದ್ದೀರಿ?’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರ ಬಂದು ಮಾತು ಅಲ್ಲೇ ನಿಲ್ಲುತ್ತದೆ. ‘ರಾತ್ರಿ ನಿದ್ದೆ ಬಂತಾ ಅಕ್ಕಾ?’, ‘ಡಾಕ್ಟರ್ ಏನಂದ್ರು ಅಣ್ಣಾ?’ ಎಂದು ಕೇಳಿದರೆ ಒಂದೊಂದೇ ಹೊರಗೆ ಬರುತ್ತದೆ. ತೀರಿಹೋದವರ ಹೆಸರನ್ನು ಹಿಡಿದೇ ಮಾತಾಡಬೇಕು. ಹೆಸರೆತ್ತಿದರೆ ಅಳುತ್ತಾರೆ ಎಂಬ ಭಯಕ್ಕೆ ಎಲ್ಲರೂ ಹೆಸರನ್ನೇ ಬಿಟ್ಟುಬಿಡುತ್ತಾರೆ, ಮನೆಯವರು ಕಾಯುತ್ತಿರುವುದು ಯಾರಾದರೂ ಆ ಹೆಸರು ಹೇಳಲಿ ಎಂದೇ.

ಯಾರಿಗೆ ಬೋಧನೆ ಬೇಕು, ಯಾರಿಗೆ ಬರೀ ಕಣ್ಣೀರು ಬೇಕು ಎಂಬುದನ್ನು ಯೋಹಾನ 11ನೇ ಅಧ್ಯಾಯ ಚೆನ್ನಾಗಿ ತೋರಿಸುತ್ತದೆ. ಲಾಜರನು ಸತ್ತು ನಾಲ್ಕು ದಿನವಾಗಿದೆ. ಮಾರ್ಥಳು ಬಂದು, ಕರ್ತನೇ ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಮೇಲೆ ಮರಿಯಳು ಬಂದು ಅದೇ ಮಾತನ್ನು ಹೇಳುತ್ತಾಳೆ. ಮಾರ್ಥಳಿಗೆ ಯೇಸು ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಎದ್ದು ಬರುವ, ಮಾತು ಹೇಳಿದ. ಮರಿಯಳ ಮುಂದೆ ಒಂದು ಬೋಧನೆಯನ್ನೂ ಮಾಡದೆ, ಸಮಾಧಿ ಎಲ್ಲಿ ಎಂದು ಕೇಳಿ, ಅತ್ತ. ಎದುರಿಗಿರುವವರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ನಮ್ಮ ಮುಖ ನೋಡುತ್ತಿದ್ದರೆ ನಾನು ಮಾರ್ಥಳಿಗೆ ಹೇಳಿದ ಆ ಮಾತು, 25ನೇ ವಚನ, ಓದುತ್ತೇನೆ. ಪ್ರಶ್ನೆ ಕೇಳಿ ತಲೆ ತಗ್ಗಿಸಿದರೆ ಓದುವುದಿಲ್ಲ. ಆ ಪ್ರಶ್ನೆ ಉತ್ತರಕ್ಕಾಗಿ ಕೇಳಿದ್ದಲ್ಲ.

ಓದುವುದಾದರೆ ಆರರಿಂದ ಹತ್ತು ವಚನ, ಅಷ್ಟೇ. ನೋವು ತಿನ್ನುತ್ತಿರುವವರಿಗೆ, ಔಷಧದ ಮಂಪರಿನಲ್ಲಿರುವವರಿಗೆ ಇಡೀ ಅಧ್ಯಾಯ ಕೇಳುವ ತ್ರಾಣವಿರುವುದಿಲ್ಲ. ರೋಗ ಎಳೆದಾಡುತ್ತಿದ್ದರೆ 13ನೇ ಕೀರ್ತನೆ, ಒಟ್ಟು ಆರೇ ವಚನ. ಮೊದಲೆರಡರಲ್ಲಿ ‘ಎಲ್ಲಿಯವರೆಗೆ’ ಎಂಬ ದೂರು ನಾಲ್ಕು ಸಲ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ರಕ್ಷಣೆಯ ಮೇಲಿನ ಭರವಸೆ. ದೂರನ್ನು ಹಾರಿಸಿ ಭರವಸೆಗೆ ಬಂದರೆ ಅದು ಕೇಳುವವರ ಕಿವಿಗೆ ಪೊಳ್ಳಾಗುತ್ತದೆ. ಸಾವು ಹತ್ತಿರವಿದ್ದರೆ ರೋಮಾಪುರದವರಿಗೆ 8ರ ಕೊನೆಯ ಭಾಗ, ‘ಮರಣವಾಗಲಿ ಜೀವವಾಗಲಿ’ ಎಂದು ಶುರುವಾಗುವ ಸಾಲು. ಅದೇ ಅಧ್ಯಾಯದ 28ನೇ ವಚನ, ಎಲ್ಲವೂ ಹಿತಕ್ಕಾಗಿ ಎಂಬುದು, ಸತ್ಯವೇ ಆದರೂ ಮೊದಲ ವಾರ ಅದನ್ನು ನಾನು ಬಾಯಿಗೆ ತರುವುದಿಲ್ಲ. ಮಗು ಕಳೆದುಕೊಂಡ ತಾಯಿಗೆ ಅದು ‘ನಿನ್ನ ಮಗು ಸತ್ತದ್ದು ಒಳ್ಳೇದಕ್ಕೆ’ ಎಂದೇ ಕೇಳಿಸುತ್ತದೆ.

ವಯಸ್ಸಾದವರ ಬಳಿ ಹಳೆಯ ಅನುವಾದದ ಸತ್ಯವೇದವನ್ನೇ ಒಯ್ಯುವುದು. ಭಾನುವಾರ ಶಾಲೆಯಲ್ಲಿ ಅವರ ಬಾಯಿಗೆ ಕೂತದ್ದು ಆ ಮಾತುಗಳು. ಮರೆವಿನ ಕಾಯಿಲೆ ಬಂದು ಮಕ್ಕಳ ಹೆಸರೂ ತಪ್ಪುವವರು ‘ಯೆಹೋವನು ನನಗೆ ಕುರುಬನು’ ಎಂದು ನಾವು ನಿಧಾನವಾಗಿ ಶುರುಮಾಡಿದರೆ ‘ಕೊರತೆಪಡೆನು’ ಎಂದು ಮುಗಿಸುವುದುಂಟು. ಸಾಲಿನ ಕೊನೆಯಲ್ಲಿ ಎರಡು ಉಸಿರಿನಷ್ಟು ಹೊತ್ತು ನಿಲ್ಲಿಸಿದರೆ ಅವರಿಗೆ ಸೇರಿಕೊಳ್ಳಲು ಜಾಗ ಸಿಗುತ್ತದೆ. ಎಚ್ಚರ ತಪ್ಪಿದವರಿಗೂ ಕೇಳಿಸುತ್ತಿರಬಹುದು, ಆದ್ದರಿಂದ ಕಿವಿಯ ಹತ್ತಿರ, ಹೆಸರು ಹಿಡಿದು, ಸಹಜ ದನಿಯಲ್ಲಿ ಓದುತ್ತೇನೆ. ಅವರ ಮುಂದೆಯೇ ‘ಇನ್ನೆಷ್ಟು ದಿನ’ ಎಂಬ ಚರ್ಚೆ ಎತ್ತುವ ನೆಂಟರನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗುವುದೂ ಈ ಸೇವೆಯಲ್ಲೇ ಸೇರಿದೆ. ಹೊರಡುವಾಗ ಓದಿದ ಒಂದು ವಚನವನ್ನು ದಪ್ಪ ಅಕ್ಷರದಲ್ಲಿ ಬರೆದ ಕಾರ್ಡು ದಿಂಬಿನ ಬಳಿ ಇಡುತ್ತೇನೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಕನ್ನಡಕವಿಲ್ಲದೆ ಓದಲು ಬರಬೇಕು, ಒಂದು ವಚನಕ್ಕಿಂತ ಹೆಚ್ಚು ಬರೆದರೆ ಅಕ್ಷರ ಸಣ್ಣದಾಗುತ್ತದೆ.

ಪ್ರಾರ್ಥನೆಯಲ್ಲೇ ಜಾಸ್ತಿ ಕೆಡುವುದು. ಕಣ್ಣು ಮುಚ್ಚಿಸಿ ದೇವರಿಗೆ ಹೇಳುವ ನೆಪದಲ್ಲಿ ರೋಗಿಗೆ ಪ್ರಸಂಗ ಮಾಡುವವರಿದ್ದಾರೆ. ‘ಇವತ್ತೇ ಗುಣಪಡಿಸುತ್ತೀ ಎಂದು ನಂಬುತ್ತೇವೆ’ ಎಂದು ಗಟ್ಟಿಯಾಗಿ ಘೋಷಿಸಿ ಹೋಗುವವರಿದ್ದಾರೆ. ಗುಣವಾಗದಿದ್ದರೆ ತಪ್ಪು ರೋಗಿಯ ನಂಬಿಕೆಯ ಮೇಲೆ ಬೀಳುತ್ತದೆ, ಘೋಷಿಸಿದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಗುಣಕ್ಕಾಗಿ ಖಂಡಿತ ಬೇಡಬೇಕು, ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಹಾಗೆಯೇ ಹೇಳುತ್ತದೆ. ಬೇಡುವುದು ಬೇರೆ, ದೇವರ ಬದಲು ತಾವೇ ಮಾತು ಕೊಡುವುದು ಬೇರೆ. ‘ಏನಂತ ಪ್ರಾರ್ಥನೆ ಮಾಡಲಿ?’ ಎಂದು ಕೇಳಿ, ಅವರು ಹೇಳಿದ್ದನ್ನೇ ಸೇರಿಸಿ, ಎರಡು ನಿಮಿಷದೊಳಗೆ ಮುಗಿಸುತ್ತೇನೆ. ಹೆಚ್ಚುಕಡಿಮೆ ಹೀಗೆ:

‘ತಂದೆಯೇ, ಈ ಅಕ್ಕ ನಿನಗೆ ಸೇರಿದವರು. ನಿನ್ನ ಮಗನು ತನ್ನ ರಕ್ತದಿಂದ ಇವರನ್ನು ಕೊಂಡುಕೊಂಡಿದ್ದಾನೆ. ಈ ಹೊಟ್ಟೆನೋವು, ಈ ರಾತ್ರಿಯ ಭಯ ನಿನಗೆ ಗೊತ್ತಿದೆ. ನೋವು ಇಳಿಸು, ಇವರನ್ನು ಗುಣಪಡಿಸು, ಇವತ್ತು ರಾತ್ರಿ ನಿದ್ದೆ ಕೊಡು. ಇವರ ಮಕ್ಕಳನ್ನೂ, ಇವರನ್ನು ನೋಡಿಕೊಳ್ಳುತ್ತಿರುವ ಸಿಸ್ಟರ್‌ಗಳನ್ನೂ ಬಲಪಡಿಸು. ಏನೇ ಬಂದರೂ ಇವರ ಕೈಬಿಡುವುದಿಲ್ಲ ಎಂದು ನೀನು ಹೇಳಿದ ಮಾತನ್ನೇ ಹಿಡಿದುಕೊಂಡಿದ್ದೇವೆ. ಯೇಸುವಿನ ಹೆಸರಿನಲ್ಲಿ, ಆಮೆನ್.’

ಆಮೇಲೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಲ್ಲರೂ ಸೇರಿ. ಅಷ್ಟು ಹೊತ್ತು ಸುಮ್ಮನಿದ್ದ ಗಂಡಸರೂ ಅಲ್ಲಿ ದನಿ ಸೇರಿಸುತ್ತಾರೆ.

ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರ) ಬೇಕೆಂದು ಕೇಳಿದರೆ ಅಯ್ಯನವರಿಗೆ ಅದೇ ದಿನ ತಿಳಿಸುವುದು, ಮುಂದೂಡಬಾರದು. ಬಾಯಿಗೆ ಏನೂ ಕೊಡಬಾರದೆಂದು ಡಾಕ್ಟರ್ ಬರೆದಿದ್ದಾರೆಯೇ, ನುಂಗಲು ಆಗುತ್ತದೆಯೇ ಎಂದು ಸಿಸ್ಟರ್‌ನ ಮೊದಲೇ ವಿಚಾರಿಸಿಡಬೇಕು. ನುಂಗಲು ಕಷ್ಟವಿದ್ದರೆ ಅಕ್ಕಿಕಾಳಿನಷ್ಟು ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ನೆನೆಸಿ ಚಮಚದಲ್ಲಿ ಕೊಡಬಹುದು. ಪಕ್ಕದ ಮೇಜಿನ ಮೇಲಿನ ಔಷಧಿ ಸೀಸೆ ಸರಿಸಿ ಬಿಳಿ ಬಟ್ಟೆ ಹಾಸಿ, ಒಂದು ಲೋಟ ನೀರು ಇಟ್ಟಿರುತ್ತೇನೆ.

ರಕ್ಷಣೆಯ ಮಾತನ್ನು ಕ್ರೈಸ್ತರಲ್ಲದವರಿಗೆ ಹೇಳುವ ವಿಷಯ ನಮ್ಮ ನಾಡಿನಲ್ಲಿ ಸೂಕ್ಷ್ಮವಾದದ್ದು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಸಾರದ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕಾನೂನು ಏನೇ ಇರಲಿ, ಹಾಸಿಗೆಯಲ್ಲಿ ಬಿದ್ದಿರುವವರು ಎದ್ದು ಹೋಗಲಾರರು, ಆ ಅಸಹಾಯಕತೆಯನ್ನು ಬಳಸಿಕೊಳ್ಳುವುದು ಸುವಾರ್ತೆಯೇ ಅಲ್ಲ. ಪಕ್ಕದ ಮಂಚದವರು ‘ನಮಗೂ ಒಂದು ಪ್ರಾರ್ಥನೆ ಮಾಡಿ’ ಎಂದು ಕೇಳುವುದು ಅಪರೂಪವಲ್ಲ. ಆಗ, ‘ನಾವು ಯೇಸುವಿನ ಹೆಸರಿನಲ್ಲಿ ಮಾಡುವುದು, ಆಗಬಹುದಾ?’ ಎಂದು ಮನೆಯವರ ಮುಂದೆಯೇ ಕೇಳಿ, ಒಪ್ಪಿದರೆ ಮಾತ್ರ, ಅದೇ ಚಿಕ್ಕ ಪ್ರಾರ್ಥನೆ. ಎಚ್ಚರವಿಲ್ಲದವರಾದರೆ ಮನೆಯವರ ಒಪ್ಪಿಗೆ ಬೇಕೇ ಬೇಕು. ‘ನಿಮಗೆ ಈ ಧೈರ್ಯ ಹೇಗೆ?’ ಎಂದು ಯಾರಾದರೂ ಕೇಳಿದರೆ ಪೇತ್ರನ ಮೊದಲ ಪತ್ರಿಕೆ 3:15ರಂತೆ ಸಾತ್ವಿಕತೆಯಿಂದ ಉತ್ತರ ಕೊಡುತ್ತೇನೆ. ಅದೂ ನಾಲ್ಕು ವಾಕ್ಯದಲ್ಲಿ: ದೇವರಿಂದ ನಾವು ದೂರವಾದೆವು, ಕ್ರಿಸ್ತನು ನಮ್ಮ ಬದಲು ಸತ್ತು ಎದ್ದ, ಅವನ ಬಳಿಗೆ ಬಂದವರನ್ನು ಅವನು ತಳ್ಳಿಬಿಡುವುದಿಲ್ಲ, ನಾನು ಅದನ್ನು ಹಿಡಿದುಕೊಂಡಿದ್ದೇನೆ. ಹೆಚ್ಚು ಬೇಕಾದವರು ತಾವಾಗಿ ಕೇಳುತ್ತಾರೆ. ಬಿಲ್ಲಿಗೆ ಹಣವೋ ರೇಷನ್ನೋ ಕೊಡುವ ದಿನ ಕರಪತ್ರವನ್ನಾಗಲಿ ಸತ್ಯವೇದವನ್ನಾಗಲಿ ಕೊಡುವುದಿಲ್ಲ. ಎರಡೂ ಒಂದೇ ಕೈಯಿಂದ ಒಂದೇ ದಿನ ಹೋದರೆ ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ಉಳಿಯುವುದಿಲ್ಲ.

ಕಾಯಿಲೆಯ ವಿವರವನ್ನು ಸಭೆಯ ವಾಟ್ಸಾಪ್ ಗುಂಪಿಗೆ ಪ್ರಾರ್ಥನಾ ವಿನಂತಿ ಎಂದು ಹಾಕುವ ಚಟ ಹಬ್ಬಿದೆ. ಗರ್ಭಪಾತ, ಮಾನಸಿಕ ಕಾಯಿಲೆ, ಕುಡಿತ, ಆತ್ಮಹತ್ಯೆ, ಎಲ್ಲವೂ ‘ದಯವಿಟ್ಟು ಪ್ರಾರ್ಥಿಸಿ’ ಎಂಬ ಹೆಸರಿನಲ್ಲಿ ಊರೆಲ್ಲ ಸುತ್ತುತ್ತವೆ. ಮನೆಯವರು ಒಪ್ಪಿದಷ್ಟನ್ನೇ, ಅವರು ಹೇಳಿದ ಪದಗಳಲ್ಲೇ ಹಾಕಬೇಕು.

ಸಾವಿನ ಮನೆಯಲ್ಲಿ ಮೊದಲ ದಿನ ಕೈಕೆಲಸವೇ ದೊಡ್ಡ ಸಂತೈಕೆ. ಮನೆಯಲ್ಲೇ ತೀರಿಕೊಂಡಿದ್ದರೆ ಡಾಕ್ಟರ್ ಸರ್ಟಿಫಿಕೇಟ್, ಸಭೆಯ ಕಚೇರಿಯಲ್ಲಿ ಸಮಾಧಿ ಜಾಗದ ಏರ್ಪಾಡು, ಪೆಟ್ಟಿಗೆ, ದೂರದ ಊರಿನವರಿಗೆ ಫೋನ್. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಇಲ್ಲದಿದ್ದರೆ ಪಿಂಚಣಿ, ಬ್ಯಾಂಕು, ವಿಮೆ ಎಲ್ಲದಕ್ಕೂ ಅಲೆದಾಟ. ಇದನ್ನು ಮನೆಯ ಒಬ್ಬರಿಗೆ ಚೀಟಿಯಲ್ಲಿ ಬರೆದು ಕೊಡುತ್ತೇನೆ, ಬಾಯಲ್ಲಿ ಹೇಳಿದ್ದು ಆ ದಿನ ತಲೆಗೆ ಹೋಗುವುದಿಲ್ಲ.

ಮೂರನೆಯ ವಾರದ ಹೊತ್ತಿಗೆ ನೆಂಟರು ಊರಿಗೆ ಹೋಗಿರುತ್ತಾರೆ, ಊಟ ತಂದುಕೊಡುವವರು ನಿಂತಿರುತ್ತಾರೆ. ನನ್ನ ಮಟ್ಟಿಗೆ ನಿಜವಾದ ಭೇಟಿ ಶುರುವಾಗುವುದು ಅಲ್ಲಿಂದ. ತಾರೀಖುಗಳನ್ನು ನೋಟುಪುಸ್ತಕದಲ್ಲಿ ಗುರುತು ಹಾಕಿರುತ್ತೇನೆ: ತೀರಿಹೋದವರ ಹುಟ್ಟುಹಬ್ಬ, ಮದುವೆಯ ದಿನ, ಮೊದಲ ಕ್ರಿಸ್ಮಸ್, ವರ್ಷದ ದಿನ. ಕಥೋಲಿಕ ಮನೆಯಾದರೆ ನವೆಂಬರ್ 2 ಕೂಡ, ಅವತ್ತು ಅವರು ಸಮಾಧಿಗೆ ಹೋಗುತ್ತಾರೆ. ಪುನರುತ್ಥಾನದ ಮಾತು ನಿಧಾನವಾಗಿ ಒಳಗೆ ಇಳಿಯುವುದು ಈ ಭೇಟಿಗಳಲ್ಲೇ. ಆರು ತಿಂಗಳಾದರೂ ಊಟ ನಿದ್ದೆ ಸರಿಹೋಗದಿದ್ದರೆ, ಇಲ್ಲವೇ ಬದುಕೇ ಬೇಡ ಎಂಬ ಮಾತು ಯಾವಾಗ ಬಂದರೂ, ಪ್ರಾರ್ಥನೆಯ ಜೊತೆಗೆ ಮನೋವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮನಸ್ ಸಂಖ್ಯೆ 14416ಕ್ಕೆ ಕನ್ನಡದಲ್ಲೂ ಮಾತಾಡಬಹುದು.

ವರ್ಷ ಕಳೆದ ಮೇಲೆ, ತಾವಾಗಿ ಬಯಸಿದರೆ, ಆ ಮನೆಯವರನ್ನೇ ಜೊತೆಗೆ ಕರೆದೊಯ್ಯುತ್ತೇನೆ. ಮೊದಲ ಕೆಲವು ಮನೆಗಳಲ್ಲಿ ಅವರು ವಾಕ್ಯ ಓದಿದರೆ ಸಾಕು, ತಮ್ಮ ಕಥೆ ಹೇಳುವುದು ಬೇಡ. ಮಗುವನ್ನು ಕಳೆದುಕೊಂಡವರನ್ನು ಮೊದಲು ವಯಸ್ಸಾದವರು ತೀರಿಕೊಂಡ ಮನೆಗೆ ಕರೆದೊಯ್ಯುವುದು. ಮಗು ತೀರಿಕೊಂಡ ಮನೆಗೆ ಕಡೆಯಲ್ಲಿ, ಅದೂ ಅವರೇ ಹೋಗೋಣ ಎಂದಾಗ.