ಅಪ್ಪಯ್ಯನ ಜೀಪು ಮತ್ತು ನಮ್ಮ ಮಳೆ

ನಮ್ಮನೆಯ ಮಹೀಂದ್ರಾ ಎಂಎಂ 540 ಜೀಪು 1991ರದ್ದು. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಡಿಕೆ ಮೂಟೆ, ಬೆಟ್ಟದ ಸೊಪ್ಪು, ಗೊಬ್ಬರ, ಔಷಧಿ ಹೊಡೆಯುವ ಡ್ರಮ್ಮು, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು, ಮದುವೆಗೆ ಹೊರಟ ನೆಂಟರು, ಎಲ್ಲವನ್ನೂ ಎಲ್ಲರನ್ನೂ ಅದು ಹೊತ್ತಿದೆ. 2013ರ ಮಳೆಗಾಲದಲ್ಲಿ ಬ್ರೇಕು ಹಿಡಿಯದೆ ಹೋಯಿತು. ಅಡಿಕೆ ಕೊಯ್ಲು ಮುಗಿದ ಮೇಲೆ ನೋಡೋಣ ಅಂದುಕೊಂಡು ಅಪ್ಪಯ್ಯ ಕೊಟ್ಟಿಗೆಯ ಪಕ್ಕದ ಮಾಡಿಗೆ ನಿಲ್ಲಿಸಿದರು. ಅಲ್ಲಿಯೇ 9 ವರ್ಷ ನಿಂತಿತು.

2022ರ ನವೆಂಬರಿನಲ್ಲಿ ನಾನು ಅದನ್ನು ಬಿಚ್ಚಲು ಕೂತೆ. ನಾನು ಮೆಕ್ಯಾನಿಕ್ ಅಲ್ಲ, ತೋಟದವನು. ಪಂಪ್‌ಸೆಟ್ಟು, ಕಳೆ ಕತ್ತರಿಸುವ ಮಶೀನು ಬಿಚ್ಚಿ ಜೋಡಿಸಿದ ಅನುಭವ ಅಷ್ಟೇ ಇತ್ತು. ಕೆಲವರು ಹೊಸ ಬಾಡಿಯನ್ನೇ ತರಿಸು, ಉತ್ತರದ ಮಂಡಿ ಡಬ್ವಾಲಿಯಲ್ಲಿ ಜೀಪು ಕಟ್ಟಿಯೇ ಕೊಡುತ್ತಾರೆ ಅಂದರು. ನನಗೆ ಬೇಕಾದದ್ದು ಜೀಪಲ್ಲ, ಈ ಜೀಪು.

ಹೆಚ್ಚಿನವರು ಮೊದಲು ಎಂಜಿನ್ ಶುರು ಮಾಡಿ ನೋಡುತ್ತಾರೆ. ಗುಡುಗುಡು ಶಬ್ದ ಕೇಳಿದರೆ ಹುರುಪು ಬರುತ್ತದೆ, ನಿಜ. ಆದರೆ ಅದಕ್ಕೂ ಮೊದಲು ಜೀಪಿನ ಅಡಿಗೆ ಮಲಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ. ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಕೊಳೆತರೆ ಜೀಪೇ ಹೋಗುತ್ತದೆ.

ಅಡಿಕೆ ಚೀಲ ಹಾಸಿ, ಟಾರ್ಚ್ ಹಿಡಿದು ಮಲಗಿದೆ. ಕೈಯಲ್ಲಿ ಒಂದು ಹಳೇ ಸ್ಕ್ರೂಡ್ರೈವರ್. ಚಾಸಿಯ ಉದ್ದಕ್ಕೂ ಗೇಣಿಗೊಮ್ಮೆ ಕುಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಹಾಳಾದಲ್ಲಿ ಶಬ್ದ ಮಂಕಾಗುತ್ತದೆ. ಚಾಸಿಯ ಉದ್ದದ ಎರಡೂ ಚಾನೆಲ್ ಚೆನ್ನಾಗಿದ್ದವು. ಹಿಂದಿನ ಅಡ್ಡಪಟ್ಟಿ ಮಾತ್ರ ಒಂದು ಮೂಲೆಯಲ್ಲಿ ಹೋಗಿತ್ತು. ಕಷ್ಟ ಇದ್ದದ್ದು ಬಾಡಿಯ ನೆಲದಲ್ಲಿ. ನೆಲದ ತಗಡಿಗೆ ಬಲ ಬರಲಿ ಅಂತ ಅಡಿಯಿಂದ ಟೊಪ್ಪಿ ಆಕಾರದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಅದರೊಳಗೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಎಳೆದರೆ ಮುಖದ ಮೇಲೆ ಕೆಂಪು ಮಣ್ಣು, ಅಡಿಕೆ ಸಿಪ್ಪೆಯ ನಾರು, ಕೊಳೆತ ಸೊಪ್ಪು ಸುರಿಯಿತು. ಇಪ್ಪತ್ತು ಮಳೆಗಾಲದ ಮಣ್ಣು ಅದು. 9 ವರ್ಷ ಒಣ ಜಾಗದಲ್ಲಿದ್ದರೂ ಒಳಗೆ ಇನ್ನೂ ತಣ್ಣಗಿತ್ತು.

ಹಿಂದಿನ ಡಾಲೆಯ, ಅಂದರೆ ಸಾಮಾನು ಹೇರುವ ಜಾಗದ, ತುಕ್ಕು ಬೇರೆ ತರಹದ್ದು. ಅಲ್ಲಲ್ಲಿ ಗುಂಡಗೆ ಕೊರೆದ ಹಾಗೆ ತೂತು. ಕಾರಣ ಹೊಳೆಯಲು ಒಂದು ದಿನ ಬೇಕಾಯಿತು. ಅದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ಮಿಶ್ರಣ ಮಾಡುವಾಗ ನಾವು ಅದರಲ್ಲಿ ಕತ್ತಿ ಅದ್ದಿ ನೋಡುತ್ತೇವೆ ಅಲ್ವಾ? ಸುಣ್ಣ ಸಾಲದಿದ್ದರೆ ಕತ್ತಿಗೆ ಕೆಂಪಗೆ ತಾಮ್ರ ಹಿಡಿಯುತ್ತದೆ. ಅಷ್ಟು ತಾಮ್ರ ಕೂತಿತು ಅಂದರೆ ಅಷ್ಟು ಕಬ್ಬಿಣ ಕರಗಿತು ಅಂತಲೇ ಅರ್ಥ. ಚೀಲದಿಂದ ಚೆಲ್ಲಿದ ಮೈಲುತುತ್ತಿನ ಹರಳು ಮಳೆನೀರಿನಲ್ಲಿ ಕರಗಿ ಡಾಲೆಯಲ್ಲಿ ಕೂತು ಅದೇ ಕೆಲಸ ಮಾಡಿತ್ತು. ತೋಟದ ಜೀಪು ಇಟ್ಟುಕೊಂಡವರು ಇದೊಂದನ್ನು ದಯವಿಟ್ಟು ನೆನಪಿಡಿ. ಮೈಲುತುತ್ತು ತಂದ ದಿನವೇ ಡಾಲೆ ತೊಳೆಯಿರಿ.

ಕೊಯ್ಲಿನ ಕೆಲಸದ ನಡುವೆ, ಸಂಜೆ ಹೊತ್ತಿನಲ್ಲಿ, ಎರಡು ತಿಂಗಳು ಬರೀ ಬಿಚ್ಚಿದೆ. ಬಿಗಿದು ಕೂತ ಬೋಲ್ಟಿಗೆ ಡೀಸೆಲ್ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಮೊದಲು ಸ್ವಲ್ಪ ಬಿಗಿ ಮಾಡಿ, ಆಮೇಲೆ ಬಿಚ್ಚಬೇಕು. ನೇರ ಬಿಚ್ಚಲು ಹೋದರೆ ತುಂಡಾಗುತ್ತದೆ. ಬಿಚ್ಚಿದ ಪ್ರತಿ ಭಾಗದ ಫೋಟೋ ತೆಗೆದೆ. ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದೆ.

ಸಣ್ಣ ಭಾಗಗಳ ತುಕ್ಕು ತೆಗೆಯಲು ಕರೆಂಟಿನ ಉಪಾಯ ಮಾಡಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 60 ಲೀಟರ್ ನೀರು, 4 ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಸೋಡ. ಅಡುಗೆ ಸೋಡ ಅಲ್ಲ. ತುಕ್ಕು ಹಿಡಿದ ಭಾಗವನ್ನು ತಂತಿಯಲ್ಲಿ ನಡುವೆ ಇಳಿಬಿಟ್ಟು, 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ಅದಕ್ಕೆ. ಪ್ಲಸ್ ವಯರು ಬದಿಯಲ್ಲಿ ನಿಲ್ಲಿಸಿದ ಬೇಡದ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದರೆ ಭಾಗದ ಸುತ್ತ ಸೋಡಾ ಬಾಟಲಿ ತೆರೆದ ಹಾಗೆ ಸಣ್ಣ ಗುಳ್ಳೆ ಏಳುತ್ತವೆ. ಮಾರನೇ ದಿನ ನೀರಿನ ಮೇಲೆ ಕಂದು ನೊರೆ, ಸರಳು ಸವೆದಿರುತ್ತದೆ. ಭಾಗ ಎತ್ತಿದರೆ ತುಕ್ಕು ಕಪ್ಪು ಮಸಿಯಾಗಿ ಬೆರಳಿಗೆ ಬರುತ್ತದೆ. ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ನಮ್ಮ ಹವೆಯಲ್ಲಿ ಒಂದು ರಾತ್ರಿ ಬಿಟ್ಟರೆ ಮತ್ತೆ ಕೆಂಪು ಹಿಡಿಯುತ್ತದೆ. ಗುಳ್ಳೆಯಲ್ಲಿ ಬರುವುದು ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಮಾಡಿ. ಸರಳಿನ ಬದಲು ಸ್ಟೀಲ್ ಪಾತ್ರೆ ತುಂಡು ಹಾಕಲೇಬೇಡಿ, ಅದರಲ್ಲಿರುವ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ. ಅಲ್ಯೂಮಿನಿಯಂ ಭಾಗಗಳನ್ನೂ ಹಾಕಬೇಡಿ, ಸೋಡ ಅವನ್ನು ತಿನ್ನುತ್ತದೆ.

ಎಂಜಿನ್ ಪೂಜೋ ವಿನ್ಯಾಸದ ಡೀಸೆಲ್, 2112 ಸಿಸಿ, ನಾಲ್ಕು ಸಿಲಿಂಡರ್. 9 ವರ್ಷ ನಿಂತದ್ದನ್ನು ಬ್ಯಾಟರಿ ಕಟ್ಟಿ ಒಮ್ಮೆಲೇ ತಿರುಗಿಸಿದರೆ ತುಕ್ಕು ಹಿಡಿದ ರಿಂಗು ಸಿಲಿಂಡರನ್ನು ಗೀರುತ್ತದೆ. ಸಿಲಿಂಡರಿನ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕನ್ನೂ ಬಿಚ್ಚಿ, ಆ ತೂತಿನಿಂದ ಡೀಸೆಲ್ಲು ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿ ಮೂರು ದಿನ ಬಿಟ್ಟೆ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದೆ. ಮೊದಲು ಕೂದಲೆಳೆಯಷ್ಟು ಕದಲಿತು. ಹಿಂದೆ, ಮುಂದೆ, ಹಿಂದೆ, ಮುಂದೆ. ಅರ್ಧ ಗಂಟೆಯ ಮೇಲೆ ಒಂದು ಪೂರ್ತಿ ಸುತ್ತು ಬಂತು. ಅಡುಗೆಮನೆಗೆ ಓಡಿ ಆಯಿಗೆ (ಅಮ್ಮನಿಗೆ) ಹೇಳಿದೆ. ಡೀಸೆಲ್ ಪಂಪು ಮತ್ತು ನಾಝಲ್ಲುಗಳನ್ನು ನಾನು ಮುಟ್ಟಲಿಲ್ಲ, ಹುಬ್ಬಳ್ಳಿಗೆ ಒಯ್ದು ಪಂಪಿನ ಕೆಲಸದವರ ಹತ್ತಿರವೇ ಮಾಡಿಸಿದೆ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಬ್ರೇಕಿನ ಸಿಲಿಂಡರು, ರಬ್ಬರು, ಪೈಪು ಎಲ್ಲ ಹೊಸದು. ಇಲ್ಲಿ ಉಳಿತಾಯ ಮಾಡಲೇಬಾರದು. ನಮ್ಮಿಂದ ಕುಮಟಾಕ್ಕೆ ಹೋದರೆ ದೇವಿಮನೆ ಘಟ್ಟ ಇಳಿಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಅಂತ ನಿಶ್ಚಯ ಮಾಡಿದ್ದೇನೆ.

ನೆಲಕ್ಕೆ 16 ಗೇಜಿನ ಹೊಸ ತಗಡು ಕತ್ತರಿಸಿ ಕೂರಿಸಿದೆವು. ವೆಲ್ಡಿಂಗಿಗೆ ಶಿರಸಿಯಿಂದ ಮೇಸ್ತ್ರಿ ಬಂದಿದ್ದರು. ಒಂದೇ ಸಮ ಬೆಸುಗೆ ಎಳೆದರೆ ತಗಡು ಸೊಟ್ಟಗಾಗುತ್ತದೆ ಅಂತ ಅವರು ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕುತ್ತಾ ಹೋದರು. ಬಣ್ಣದ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಬೇಕು. ಆಮೇಲೆ ಗಾಳಿಯಲ್ಲಿ ತೇವ ಜಾಸ್ತಿಯಾಗಿ ಬಣ್ಣದ ಅಡಿಗೆ ನೀರು ಉಳಿಯುತ್ತದೆ.

2023ರ ಮೇ ಹೊತ್ತಿಗೆ ಜೀಪು ಓಡಿತು. ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಲೈನಿನ ಗಾಳಿ ತೆಗೆಯಬೇಕಿತ್ತು. ಅಪ್ಪಯ್ಯ ಕೈ ಪಂಪು ಒತ್ತುತ್ತಾ ಇದ್ದರು, ನಾನು ಸ್ಕ್ರೂ ಸಡಿಲ ಮಾಡಿ ನೋಡುತ್ತಾ ಇದ್ದೆ. ನೊರೆ ನೊರೆ ಡೀಸೆಲ್ ಬಂದು ಬಂದು, ಕೊನೆಗೆ ಗುಳ್ಳೆ ಇಲ್ಲದ ಧಾರೆ ಬಂತು. ಬಿಗಿ ಮಾಡಿ, ಹೀಟರ್ ಕಾಯಿಸಿ, ಕೀ ತಿರುಗಿಸಿದೆ. ಮೂರನೇ ಸಲಕ್ಕೆ ಹಿಡಿಯಿತು. ಅಂಗಳ ತುಂಬ ಬಿಳಿ ಹೊಗೆ. ಅಪ್ಪಯ್ಯ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ಸುಮ್ನೆ ನಿಂತಿದ್ದರು.

ಮಾಡಿದ ದೊಡ್ಡ ತಪ್ಪು ಗೊತ್ತಾದದ್ದು ಜುಲೈನಲ್ಲಿ. ನೀರು ಒಳಗೆ ಬರಬಾರದು ಅಂತ ನೆಲದ ಸಂದುಗೊಂದಿಗೆಲ್ಲ ಸೀಲೆಂಟ್ ತುಂಬಿದ್ದೆ. ಮೇಲೆ ರಬ್ಬರ್ ಮ್ಯಾಟು. ಒಂದು ವಾರ ಬಿಡದೆ ಮಳೆ ಸುರಿದ ಮೇಲೆ ಮ್ಯಾಟು ಎತ್ತಿದರೆ ಅಡಿಗೆ ಬೆರಳು ಮುಳುಗುವಷ್ಟು ನೀರು. ಟಾರ್ಪಾಲು ಹೊದೆಸಿದ ಜೀಪಿಗೆ ನೀರು ಬಂದೇ ಬರುತ್ತದೆ. ನಾನು ಅದು ಹೊರಗೆ ಹೋಗುವ ದಾರಿ ಮುಚ್ಚಿಬಿಟ್ಟಿದ್ದೆ. ಅಪ್ಪಯ್ಯ ಬಗ್ಗಿ ನೋಡಿದರು.

"ಬಸಿಗಾಲುವೆ ಇಲ್ದೇ ತೋಟ ಮಾಡ್ತ್ಯನಾ, ತಮಾ? ನೀರು ಹೋಪಲೆ ದಾರಿ ಎಲ್ಲಿದ್ದು?"

ಹಳೇ ನೆಲದಲ್ಲಿ ತಗ್ಗಿನ ಮೂಲೆಗಳಲ್ಲಿ ತೂತುಗಳಿದ್ದವು. ಕೆಸರು ತುಂಬಿ ಮುಚ್ಚಿದ್ದವು, ನಾನು ಅವನ್ನು ತುಕ್ಕಿನ ತೂತು ಅಂದುಕೊಂಡಿದ್ದೆ. ಮಾರನೇ ದಿನವೇ ನಾಲ್ಕು ಮೂಲೆಗೂ ಹೆಬ್ಬೆರಳು ಗಾತ್ರದ ತೂತು ಕೊರೆದೆ. ಟೊಪ್ಪಿ ಪಟ್ಟಿಗಳ ಎರಡೂ ತುದಿ ತೆರೆದೆ. ಕೊರೆದ ಅಂಚಿಗೆ ಪ್ರೈಮರು, ಬಣ್ಣ. ಮ್ಯಾಟು ಬೇಸಿಗೆಗೆ ಮಾತ್ರ. ಚಾಸಿಗೆ ಹಳೇ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ನಾನು ಬಳಿಯಲಿಲ್ಲ, ಮೊದಲ ಮಳೆಗೆ ಅದು ತೊಳೆದುಹೋಗಿ ತೋಟದ ಕಾಲುವೆಗೇ ಬರುತ್ತದೆ. ತುಕ್ಕು ತಡೆಯುವ ಅಂಡರ್‌ಕೋಟ್ ಹೊಡೆಸಿದ್ದೇನೆ.

ಕಾಗದಪತ್ರದ ಬಗ್ಗೆ ಒಂದು ಮಾತು. ಸ್ವಂತ ಬಳಕೆಯ ಗಾಡಿಗೆ ಮೊದಲ 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ (ನೋಂದಣಿ ಪತ್ರ) ನವೀಕರಿಸಬೇಕು, ಅರ್ಜಿ ಫಾರ್ಮ್ 25ರಲ್ಲಿ. ಗಾಡಿ ನೋಡಿಯೇ ಕೊಡುತ್ತಾರೆ. ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಾಗುತ್ತದೆ, ಹಾಗಾಗಿ ಆ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ದಪ್ಪ ಬಣ್ಣವನ್ನೂ ಬಳಿಯಬೇಡಿ. ನಾನು ಅದರ ಮೇಲೆ ಗ್ರೀಸ್ ಸವರಿ ಕಾಗದ ಅಂಟಿಸಿ ಇಟ್ಟಿದ್ದೆ.

2024ರ ಮಾರಿಜಾತ್ರೆಗೆ ಆಯಿ, ಅಪ್ಪಯ್ಯ ಅದರಲ್ಲೇ ಶಿರಸಿಗೆ ಬಂದರು. ಮುಂದಿನ ಆಕ್ಸಲಿನ ಆಯಿಲ್ ಸೀಲು ಈಗ ಸ್ವಲ್ಪ ಒಸರುತ್ತಿದೆ. ಮಳೆಗೆ ಅಡಿಕೆ ಕೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟುವ ಕೆಲಸ ಶುರುವಾಗುವ ಮೊದಲು ಅದನ್ನು ಬಿಚ್ಚಬೇಕು.