ಕರೆಂಟ್ ಬರುವ ಕಡೆ ಪಿನ್ ಇರಬಾರದು

ಶಿಡ್ಲಘಟ್ಟದ ರೇಷ್ಮೆ ಫಿಲೇಚರ್‌ಗಳಲ್ಲಿ, ಅಂದರೆ ಗೂಡಿನಿಂದ ನೂಲು ತೆಗೆಯೋ ಕಡೆ, ವೈರಿಂಗ್ ಮಾಡೋನು ಮೊದಲು ನೋಡಬೇಕಾದ್ದು ನೆಲ. ಗೂಡು ಬೇಯಿಸಿದ ನೀರು ಚೆಲ್ಲಿ ಸದಾ ಒದ್ದೆ. ಕೆಲಸದವರ ಕೈಯೂ ಒದ್ದೆ, ಎಷ್ಟೋ ಸಲ ಕಾಲಿಗೆ ಚಪ್ಪಲಿಯೂ ಇರಲ್ಲ. ಇದೆಲ್ಲ ಗೊತ್ತಿದ್ದೂ ಶುರುವಿನಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ.

ಕರೆಂಟ್ ಹೋದಾಗ ಜನರೇಟರ್‌ನಿಂದ ಮೋಟರ್ ಓಡಲಿ ಅಂತ ಒಂದೇ ವೈರಿನ ಎರಡೂ ತುದಿಗೆ ತ್ರೀ ಪಿನ್ ಟಾಪ್ ಹಾಕಿಕೊಟ್ಟೆ. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್‌ಗೆ. ಒಂದು ದಿನ ಜನರೇಟರ್ ಓಡ್ತಿರುವಾಗಲೇ ಗೋಡೆಯ ಕಡೆಯದನ್ನು ಕಿತ್ತೆ. 230 ವೋಲ್ಟ್ ಪಿನ್ನು ಬರಿಗೈಯಲ್ಲಿ! ಮೊಣಕೈವರೆಗೆ ಝಾಡಿಸಿತು, ಟಾಪ್ ತಾನಾಗೇ ಕೈಯಿಂದ ಬಿತ್ತು, ಅದೇ ಪುಣ್ಯ. ಮೇನ್ ಆಫ್ ಮಾಡೋದು ಮರೆತಿದ್ದರೆ ಅದೇ ಕರೆಂಟ್ ಹಿಂದಕ್ಕೆ ಲೈನಿಗೆ ಹೋಗಿ, ಕಂಬದ ಮೇಲಿದ್ದ ಲೈನ್‌ಮನ್‌ಗೂ ಹೊಡೆಯಬಹುದಿತ್ತು.

ಆ ವೈರನ್ನು ಅಲ್ಲೇ ನಡುವೆ ಕತ್ತರಿಸಿದೆ. ಈಗ ನೀಲಿ ಬಣ್ಣದ 16 ಆಂಪ್ಸ್ ಇಂಡಸ್ಟ್ರಿಯಲ್ ಕನೆಕ್ಟರ್ ಹಾಕ್ತೀನಿ. ನೀಲಿ ಅಂದರೆ ಸಿಂಗಲ್ ಫೇಸ್, ಕೆಂಪು ಅಂದರೆ 415 ವೋಲ್ಟ್. ಒಂದು ಇನ್ನೊಂದಕ್ಕೆ ಕೂರೋದೇ ಇಲ್ಲ. ವೈರಿನ ಜನರೇಟರ್ ತುದಿಗೆ ಪಿನ್ನು, ಗೋಡೆ ತುದಿಗೆ ತೂತಿನ ಕನೆಕ್ಟರ್. ಗೋಡೆಯಲ್ಲಿ ಪಿನ್ ಇರೋ ಇನ್‌ಲೆಟ್, ಅದರ ಹಿಂದೆ ಚೇಂಜ್‌ಓವರ್ ಸ್ವಿಚ್: ಲೈನ್ ಇಲ್ಲವೇ ಜನರೇಟರ್, ಒಂದು ಸಲಕ್ಕೆ ಒಂದನ್ನೇ ಸೇರಿಸೋದು. ಯಾವ ತುದಿ ಕಿತ್ತರೂ ಬಯಲಿಗೆ ಬರೋ ಪಿನ್ನಲ್ಲಿ ಕರೆಂಟ್ ಇರಲ್ಲ. ಐಪಿ 44 ಅಂತ ಗುರುತು ಇರೋದನ್ನೇ ತರ್ತೀನಿ, ನೀರು ಎರಚಿದರೂ ತಡೆಯುತ್ತೆ.

"ಅಣ್ಣ, ಒಂದು ಟಾಪಿಗೆ ಇಷ್ಟು ದುಡ್ಡಾ? ಆರು ಆಂಪ್ಸ್‌ದು ಸಾಕಲ್ವಾ?" ಅಂತ ಕೇಳ್ತಾರೆ. ಒಂದು ಎಚ್‌ಪಿ ಮೋಟರ್ ಅಂದರೆ 746 ವ್ಯಾಟ್, ಆರು ಆಂಪ್ಸ್ ಸಾಕು ಅನ್ನಿಸೋದು ನಿಜ, ಆದರೆ ಆ 746 ಶಾಫ್ಟಿನಲ್ಲಿ ಸಿಗೋದು. ಮೋಟರ್ ಎಳೆಯೋದು ಅದಕ್ಕಿಂತ ಜಾಸ್ತಿ, ಸ್ಟಾರ್ಟ್ ಆಗುವಾಗಂತೂ ಹಲವು ಪಟ್ಟು.

ಇನ್ನು ಸ್ಕ್ರೂ. ವೈರಿನ ಎಳೆಗಳ ತುದಿಗೆ ಸೀಸ ಬೆಸೆದು ಬಿಗಿದರೆ ನೋಡೋಕೆ ಚೆಂದ, ನಾನೂ ಹಾಗೇ ಮಾಡ್ತಿದ್ದೆ. ಆದರೆ ಬೆಸುಗೆ ಮೆತ್ತಗಿನದು. ಒತ್ತಿ ಒತ್ತಿ ಹರಡಿಕೊಂಡು ಸ್ಕ್ರೂ ಸಡಿಲವಾಗುತ್ತೆ, ಬಿಸಿಯೇರುತ್ತೆ. ಹಾಗೆ ಬಿಗಿದ ಒಂದು ಟಾಪ್ ಬಿಚ್ಚಿದಾಗ ಒಳಗೆ ಬೇಕಲೈಟ್ ಸುಟ್ಟು ಮೀನಿನ ವಾಸನೆ ಬರ್ತಿತ್ತು. ಈಗ ಎಳೆಗಳ ತುದಿಗೆ ಲಗ್ ಅನ್ನೋ ಲೋಹದ ತುಂಡು ಹಾಕಿ ಕ್ರಿಂಪ್ ಮಾಡ್ತೀನಿ, ಅಂದರೆ ಇಕ್ಕಳದಲ್ಲಿ ಅದುಮಿ ಕಚ್ಚಿಸ್ತೀನಿ. ಹಸಿರು ಅರ್ತ್ ವೈರನ್ನು ಮಿಕ್ಕೆರಡಕ್ಕಿಂತ ಅರ್ಧ ಇಂಚು ಉದ್ದ ಬಿಡ್ತೀನಿ: ಯಾರಾದರೂ ವೈರ್ ಜಗ್ಗಿ ಕಿತ್ತುಬಂದರೂ ಅದು ಕೊನೆಗೆ ಬರಬೇಕು.

ಬೇಸಿಗೆ ಬಂತೆಂದರೆ ಎರಡು ಟಾಪಿನ ವೈರ್ ಕೇಳಿಕೊಂಡು ಈಗಲೂ ಬರ್ತಾರೆ. ಆಗಲ್ಲ ಅಂತೀನಿ. ಮುಖ ಗಂಟು ಹಾಕಿಕೊಂಡು ಇನ್ನೊಂದು ಅಂಗಡಿಗೆ ಹೋಗ್ತಾರೆ.