ಒಂದೇ ಬೆರಳು ತೋರಿಸುವ ಸೊಂಟನೋವು

ಎಲ್ಲಿ ನೋವು ಎಂದು ಕೇಳಿದಾಗ ಸೊಂಟದ ಮೇಲೆ ಅಂಗೈ ಆಡಿಸದೆ, ಹಿಂದೆ ಒಂದು ಬದಿಯ ಗುಳಿಯ ತುಸು ಕೆಳಗೆ ಒಂದೇ ಬೆರಳಿಟ್ಟರೆ ನನ್ನ ಅನುಮಾನ ಸ್ಯಾಕ್ರೋಇಲಿಯಾಕ್ ಕೀಲಿನ ಮೇಲೆ, ಅಂದರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಜಾಗದ ಮೇಲೆ. ನೋವು ತೊಡೆಯ ಹಿಂಭಾಗಕ್ಕೂ ಇಳಿಯುವುದರಿಂದ ಬಹಳ ಜನ ಸಯಾಟಿಕಾ (ನರ ಒತ್ತಿ ಕಾಲಿಗಿಳಿಯುವ ನೋವು) ಎಂದುಕೊಂಡೇ ಬರುತ್ತಾರೆ. ಎಂಆರ್‌ಐನಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದ್ದರಂತೂ ಮುಗಿಯಿತು, ತಪ್ಪೆಲ್ಲ ಅದರದ್ದೇ.

ಬೆರಳೊಂದನ್ನೇ ನಂಬುವುದಿಲ್ಲ. ಕೀಲನ್ನು ಬೇರೆ ಬೇರೆ ದಿಕ್ಕಿನಿಂದ ಒತ್ತಿ ನೋಡುವ ಐದು ಪರೀಕ್ಷೆಗಳಿವೆ. ಮೂರರಲ್ಲಾದರೂ ಅವರ ಅದೇ ನೋವು ಏಳಬೇಕು. 'ಕೀಲು ಜಾರಿದೆ, ಕೂರಿಸಿಬಿಡಿ' ಎನ್ನುವವರಿದ್ದಾರೆ. ಈ ಕೀಲು ಹೊರಳುವುದೇ 2ರಿಂದ 4 ಡಿಗ್ರಿ. ಟಕ್ ಎನಿಸಿದಾಗ ಸ್ನಾಯು ಸಡಿಲವಾಗಿ ಹಾಯೆನಿಸಬಹುದು, ಅಷ್ಟೇ.

ಕೀಲಿಗೆ ಆಸರೆಯಾಗುವ ಸೊಂಟದ ಬೆಲ್ಟ್ ಕೊಡುವ ಮುಂಚೆ ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು 20 ಸೆಂ.ಮೀ. ಎತ್ತಿಸುತ್ತೇನೆ. ಕಾಲು ಭಾರ ಎಂದರೆ ಸೊಂಟದ ಮೂಳೆಗಳನ್ನು ಎರಡೂ ಬದಿಯಿಂದ ಅಮುಕಿ ಹಿಡಿದು ಮತ್ತೆ ಎತ್ತಿಸುತ್ತೇನೆ. ಆಗ ಹಗುರಾದರೆ ಬೆಲ್ಟ್ ಉಪಯೋಗಕ್ಕೆ ಬರುತ್ತದೆ. ಹೆಚ್ಚಿನವರು ಅದನ್ನು ಪ್ಯಾಂಟಿನ ಬೆಲ್ಟಿನಂತೆ ನಡುವಿಗೆ ಕಟ್ಟಿ, ಪ್ರಯೋಜನವಿಲ್ಲ ಎನ್ನುತ್ತಾರೆ. ಮುಂದೆ ಕೈಗೆ ಸಿಗುವ ಸೊಂಟದ ಮೂಳೆಯ ತುದಿಗಿಂತ ಕೆಳಗೆ, ತೊಡೆಯ ಪಕ್ಕದ ಉಬ್ಬುಮೂಳೆಗಿಂತ ಮೇಲೆ ಅದು ಕೂರಬೇಕು. ನಿಲ್ಲುವಾಗ, ನಡೆಯುವಾಗ ಸಾಕು, ಮಲಗುವಾಗ ಬಿಚ್ಚಿ.

ವ್ಯಾಯಾಮದಲ್ಲಿ ಮೊದಲು ಬ್ರಿಡ್ಜ್. ಮಂಡಿ ಮಡಿಸಿ ಅಂಗಾತ ಮಲಗಿ, ಮಂಡಿಗಳ ನಡುವೆ ದಿಂಬಿಟ್ಟು ಅಮುಕುತ್ತಾ ಪೃಷ್ಠ ಎತ್ತಿ 5 ಸೆಕೆಂಡ್ ನಿಲ್ಲಿಸಬೇಕು. ಹತ್ತು ಸಲ, ದಿನಕ್ಕೆರಡು ಹೊತ್ತು. ತೊಡೆಯ ಹಿಂದೆ ಸೆಡೆತ ಹಿಡಿದರೆ ಪಾದ ದೂರವಿದೆ ಎಂದರ್ಥ, ಹಿಮ್ಮಡಿ ಹತ್ತಿರ ತನ್ನಿ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಎಣಿಕೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಫಲ ಕಾಣಲು 6-8 ವಾರ ಕೊಡಿ. ಪದ್ಮಾಸನ, ಸೊಂಟ ತಿರುಚುವ ಆಸನಗಳು ಸದ್ಯಕ್ಕೆ ಬೇಡ. ಬಾಣಂತಿಯರಲ್ಲಿ ಕೀಲಿನ ಸುತ್ತಲಿನ ಕಟ್ಟು ಮೊದಲೇ ಸಡಿಲ, ಎಳೆದಷ್ಟೂ ನೋವು.

ನೋವು ಮತ್ತೆ ಕೆರಳುವುದು ಒಂಟಿ ಕಾಲಿನ ಭಾರದಿಂದ: ನಿಂತೇ ಪ್ಯಾಂಟ್ ಹಾಕುವುದು, ಸ್ಕೂಟರಿಗೆ ಮೇನ್ ಸ್ಟ್ಯಾಂಡ್ ಹಾಕುವುದು, ಒಂದೇ ಬದಿಯ ಕಂಕುಳಲ್ಲಿ ಮಗು. ಕಾರಿನಿಂದ ಇಳಿಯುವಾಗ ಎರಡೂ ಕಾಲು ಒಟ್ಟಿಗೆ ಹೊರಬರಲಿ.

ಇಷ್ಟಾದರೂ ತಗ್ಗದಿದ್ದರೆ ನೋವು ತಜ್ಞರು ಎಕ್ಸ್‌ರೇ ಪರದೆ ನೋಡುತ್ತಾ ಕೀಲಿಗೇ ಇಂಜೆಕ್ಷನ್ ಕೊಡುತ್ತಾರೆ. ಮರಗಟ್ಟಿಸುವ ಮದ್ದಿನಿಂದ ಕೆಲವು ಗಂಟೆಯಾದರೂ ನೋವು ಬಹುಪಾಲು ಇಳಿದರೆ ಮೂಲ ಅಲ್ಲೇ ಎಂಬುದು ಬಹುಮಟ್ಟಿಗೆ ಗಟ್ಟಿ.

ವಯಸ್ಸು 45ರೊಳಗಿದ್ದು, ನಸುಕಿಗೆ ನೋವಿನಿಂದ ಎಚ್ಚರವಾಗಿ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಓಡಾಡಿದರೆ ಹಗುರಾಗುವ ನೋವು ಮೂರು ತಿಂಗಳಿಂದ ಇದ್ದರೆ ನಾನು ಬೆಲ್ಟ್ ಕೊಡುವುದಿಲ್ಲ, ಸಂಧಿವಾತ ತಜ್ಞರ ಬಳಿ ಕಳಿಸುತ್ತೇನೆ. ಮೂತ್ರ ಕಟ್ಟಿದರೆ, ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ ಅಂದೇ ಆಸ್ಪತ್ರೆಗೆ.